ಉಪಗ್ರಹದ ರೇಡಾರ್ ಚಿತ್ರಗಳು: ಅವನ್ನು ಅಡಕಮಾಡಿ ಕಳುಹಿಸುವ ಕ್ರಮ

ತುಮಕೂರು ಜಿಲ್ಲೆಯ ವ್ಯವಸಾಯವು ಬಹುಮಟ್ಟಿಗೆ ಮಳೆಯನ್ನೂ ಕೆರೆಗಳನ್ನೂ ಆಶ್ರಯಿಸಿರುವುದು. ಗುಬ್ಬಿ ಮತ್ತು ಕುಣಿಗಲು ತಾಲ್ಲೂಕುಗಳಲ್ಲಿ ಖುಷ್ಕಿ ಜಮೀನಿನಲ್ಲಿ ರಾಗಿ, ಅವರೆ, ತೊಗರಿ, ಹುರುಳಿ ಮೊದಲಾದ ಬೆಳೆಗಳೂ, ಕೆರೆಗಳ ಅಚ್ಚುಕಟ್ಟಿನಲ್ಲಿ ಬತ್ತವೂ, ಬಾಗಾಯ್ತಿನಲ್ಲಿ ತೆಂಗು ಅಡಿಕೆಗಳೂ ಬೆಳೆಯುತ್ತವೆ. ಯಾವ ಹೋಬಳಿಯಲ್ಲಿ ಎಷ್ಟು ಬಿತ್ತನೆಯಾಯಿತು, ಯಾವ ಕೆರೆಯಲ್ಲಿ ಎಷ್ಟು ನೀರು ನಿಂತಿತು ಎಂಬ ಸಂಗತಿಯು ಸಕಾಲಕ್ಕೆ ತಿಳಿಯದೆ ಹೋದರೆ, ಪರಿಹಾರವಾಗಲಿ ಬೆಳೆವಿಮೆಯಾಗಲಿ ತಡವಾಗುವುದು. ಹೇಮಾವತಿ ನಾಲೆಯ ನೀರಿನ ಹಂಚಿಕೆಯ ವಿಷಯದಲ್ಲಿಯೂ ಊರೂರಿಗೆ ವಾದವು ಬೆಳೆಯುವುದು. ೨೦೨೩ನೆಯ ಇಸವಿಯಲ್ಲಿ ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಗಿ ಬಂದುದು ಎಲ್ಲರ ನೆನಪಿನಲ್ಲಿಯೂ ಇರುವುದು.

ಇಂಥ ಸಂಗತಿಗಳನ್ನು ತಿಳಿಯಲು ಈಗ ಗ್ರಾಮದ ದಾಖಲೆಗಳ ಜೊತೆಗೆ ಉಪಗ್ರಹದ ಚಿತ್ರಗಳನ್ನೂ ಉಪಯೋಗಿಸುತ್ತಾರೆ. ಅವುಗಳಲ್ಲಿ ಮಳೆಗಾಲಕ್ಕೆ ಬಹಳ ಉಪಯುಕ್ತವಾದುದು ರೇಡಾರ್ ಚಿತ್ರವು. ಆದರೆ ಈ ಚಿತ್ರವು ಬಹಳ ಭಾರವಾದುದು. ಉಪಗ್ರಹದಿಂದ ನೆಲಕ್ಕೆ ಒಂದು ಸಲ, ನಗರದ ಕಚೇರಿಯಿಂದ ಹೋಬಳಿಗೆ ಇನ್ನೊಂದು ಸಲ, ಹೀಗೆ ಎರಡು ಇಕ್ಕಟ್ಟಾದ ಹಾದಿಗಳನ್ನು ಅದು ದಾಟಿ ಬರಬೇಕಾಗಿರುವುದು. ಎರಡು ಕಡೆಯಲ್ಲಿಯೂ ಅದನ್ನು ಅಡಕಮಾಡಿಯೇ ಕಳುಹಿಸಬೇಕು. ಅಡಕಮಾಡುವಾಗ ಏನೋ ಒಂದನ್ನು ಬಿಡಲೇಬೇಕಾಗುವುದು. ಬಿಟ್ಟುದು ಯಾವುದು, ಅದರಿಂದ ಯಾರಿಗೆ ನಷ್ಟ ಎಂಬುದನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ತಿಳಿದಿರುವುದು ಅವಶ್ಯಕ. ಆ ವಿಚಾರವನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

೧. ಮೋಡದ ಮರೆಯಲ್ಲಿಯೂ ಕಾಣುವ ಬಗೆ

ಸಾಮಾನ್ಯವಾದ ಉಪಗ್ರಹ ಚಿತ್ರವು ಸೂರ್ಯನ ಬೆಳಕಿನಿಂದ ತೆಗೆದ ಛಾಯಾಚಿತ್ರದಂತೆಯೇ ಇರುವುದು. ಅದಕ್ಕೆ ಹಗಲು ಬೇಕು; ಆಕಾಶವೂ ನಿರ್ಮಲವಾಗಿರಬೇಕು. ರಾಗಿಯ ಬಿತ್ತನೆ, ಬತ್ತದ ನಾಟಿ, ಕೆರೆ ತುಂಬುವುದು ಇವೆಲ್ಲವೂ ಆಷಾಢದಿಂದ ಆಶ್ವಯುಜದವರೆಗೆ ನಡೆಯತಕ್ಕವಾದ ಪ್ರಯುಕ್ತ, ನೋಡಬೇಕಾದ ದಿನಗಳಲ್ಲಿಯೇ ಮೋಡವು ಅಡ್ಡಬರುವುದು. ರೇಡಾರ್ ಉಪಗ್ರಹವಾದರೋ ತಾನೇ ರೇಡಿಯೋ ಅಲೆಗಳನ್ನು ನೆಲಕ್ಕೆ ಓರೆಯಾಗಿ ಕಳುಹಿಸಿ, ಹಿಂತಿರುಗಿ ಬಂದ ಪ್ರತಿಧ್ವನಿಯನ್ನು ಗ್ರಹಿಸುವುದು. ಈ ಅಲೆಗಳ ಉದ್ದವು ಕೆಲವು ಉಪಗ್ರಹಗಳಲ್ಲಿ ೫ರಿಂದ ೬ ಸೆಂಟಿಮೀಟರ್, ಕೆಲವುಗಳಲ್ಲಿ ಸುಮಾರು ೨೪ ಸೆಂಟಿಮೀಟರ್ ಇರುವುದು. ಮೋಡದ ಹನಿಗಳು ಇವುಗಳ ಮುಂದೆ ಅತಿ ಸೂಕ್ಷ್ಮವಾದುದರಿಂದ ಅಲೆಯು ತಡೆಯಿಲ್ಲದೆ ಹಾದುಹೋಗುವುದು. ರಾತ್ರಿಯೂ ಹಗಲೂ ಅದಕ್ಕೆ ಒಂದೇ.

ಚಿತ್ರವನ್ನು ಓದುವ ಕ್ರಮವು ಕಷ್ಟವಲ್ಲ. ನಿಂತ ನೀರು ಕನ್ನಡಿಯಂತೆ ನಯವಾಗಿರುವುದರಿಂದ ಓರೆಯಾಗಿ ಬಂದ ಅಲೆಯನ್ನು ಆಚೆಗೆ ಹಾಯಿಸಿಬಿಡುವುದು. ಉಪಗ್ರಹಕ್ಕೆ ಹಿಂತಿರುಗುವುದು ಬಹಳ ಸ್ವಲ್ಪ. ಆದಕಾರಣ ಕೆರೆಯು ಕಪ್ಪಾಗಿ ಕಾಣುವುದು. ಉತ್ತ ಹೊಲವು ಹೆಂಟೆಗಳಿಂದ ಒರಟಾಗಿರುವುದರಿಂದ ಬೂದುಬಣ್ಣವಾಗಿಯೂ, ತೆಂಗಿನ ತೋಟವು ಅದಕ್ಕಿಂತ ಬೆಳ್ಳಗಾಗಿಯೂ, ಊರಿನ ಗೋಡೆಗಳು ಅತ್ಯಂತ ಬೆಳ್ಳಗಾಗಿಯೂ ಕಾಣುವುವು. ನೀರು ಕಟ್ಟಿ ನಾಟಿ ಮಾಡಿದ ಗದ್ದೆಯು ಮೊದಲು ಕಪ್ಪಾಗಿದ್ದು, ಪೈರು ಬೆಳೆದಂತೆಲ್ಲಾ ಬೆಳ್ಳಗಾಗುತ್ತಾ ಬರುವುದು. ಈ ಬದಲಾವಣೆಯಿಂದಲೇ ಬತ್ತದ ವಿಸ್ತೀರ್ಣವನ್ನು ಗುರುತಿಸುತ್ತಾರೆ.

ಭಾರತದ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ೨೦೧೨ನೆಯ ಏಪ್ರಿಲ್ ೨೬ರಂದು ರಿಸ್ಯಾಟ್-೧ ಎಂಬ ೧,೮೫೮ ಕಿಲೋಗ್ರಾಂ ತೂಕದ ರೇಡಾರ್ ಉಪಗ್ರಹವನ್ನು ಶ್ರೀಹರಿಕೋಟೆಯಿಂದ ಹಾರಿಸಿತು. ಅದು ಈಗ ಸೇವೆಯಲ್ಲಿಲ್ಲ. ಅದರ ಕೆಲಸವನ್ನು ಮುಂದುವರಿಸಲು ಇಓಎಸ್-೦೪ ಎಂಬುದನ್ನು ೨೦೨೨ನೆಯ ಫೆಬ್ರವರಿ ೧೪ರಂದು ೫೨೯ ಕಿಲೋಮೀಟರ್ ಎತ್ತರದ ಕಕ್ಷೆಗೆ ಕಳುಹಿಸಲಾಯಿತು. ೨೦೨೫ನೆಯ ಜುಲೈ ೩೦ರಂದು ಹೊರಟ ನಿಸಾರ್ ಎಂಬ ಉಪಗ್ರಹವು ಭಾರತವೂ ಅಮೆರಿಕವೂ ಕೂಡಿ ಮಾಡಿದುದು. ಅದರ ಭಾಗಗಳನ್ನು ಬೆಂಗಳೂರಿನಲ್ಲಿ ಜೋಡಿಸಿದರು. ಅದು ೧೨ ದಿನಗಳಿಗೊಮ್ಮೆ ಅದೇ ಹಾದಿಗೆ ಮರಳುವುದು. ಅದರ ಎರಡು ರೇಡಾರುಗಳಲ್ಲಿ ಒಂದರ ಉದ್ದವಾದ ಅಲೆಯು ತೆಂಗಿನ ಗರಿಗಳ ನಡುವೆಯೂ ನುಸುಳಬಲ್ಲುದಾದ ಕಾರಣ, ಈ ಜಿಲ್ಲೆಯಂಥ ತೋಟದ ಸೀಮೆಗೆ ಅದರಿಂದ ವಿಶೇಷ ಪ್ರಯೋಜನವನ್ನು ನಿರೀಕ್ಷಿಸಬಹುದು. ಇವಲ್ಲದೆ ಯೂರೋಪಿನವರು ೨೦೧೪ರಿಂದ ಹಾರಿಸುತ್ತಾ ಬಂದಿರುವ ಸೆಂಟಿನೆಲ್-೧ ವರ್ಗದ ಉಪಗ್ರಹಗಳ ಚಿತ್ರಗಳೂ ಯಾವ ಬೆಲೆಯೂ ಇಲ್ಲದೆ ದೊರೆಯುತ್ತವೆ.

ಸೆಂಟಿನೆಲ್-೧ರ ವಾಡಿಕೆಯ ಚಿತ್ರದಲ್ಲಿ ನೆಲವನ್ನು ೧೦ ಮೀಟರ್ ಉದ್ದ, ೧೦ ಮೀಟರ್ ಅಗಲದ ಮನೆಗಳಾಗಿ ವಿಂಗಡಿಸಿ, ಒಂದೊಂದು ಮನೆಗೂ ಒಂದೊಂದು ಅಂಕವನ್ನು ಬರೆದಿರುತ್ತಾರೆ. ಇದು ನೂರು ಚದರ ಮೀಟರ್. ಅಂದರೆ ಹೆಚ್ಚುಕಡಿಮೆ ಸರಿಯಾಗಿ ಒಂದು ಗುಂಟೆ. ಒಂದು ಎಕರೆಗೆ ೪೦ ಮನೆಗಳು. ಈ ಲೆಕ್ಕವು ರೈತರಿಗೆ ಬಹಳ ಅನುಕೂಲವಾದುದು. ಆದಾಗ್ಯೂ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಮನೆಯು ಒಂದು ಗುಂಟೆಯದಾದರೂ ಈ ಚಿತ್ರದ ನೋಟವು ಅಷ್ಟು ಹರಿತವಾದುದಲ್ಲ; ಸುಮಾರು ೨೦ ಮೀಟರಿಗಿಂತ ಸಮೀಪದಲ್ಲಿರುವ ಎರಡು ವಸ್ತುಗಳು ಅದರಲ್ಲಿ ಬೇರೆ ಬೇರೆಯಾಗಿ ತೋರವು. ಆದುದರಿಂದ ನಾಲ್ಕೈದು ಗುಂಟೆಗಿಂತ ಕಡಿಮೆಯಾದ ಸ್ಥಳವನ್ನು ಈ ಚಿತ್ರದಿಂದ ತೀರ್ಮಾನಿಸಲಾಗದು.

೨. ಚಿತ್ರವು ಭಾರವಾಗಲು ಕಾರಣ

ಅಷ್ಟು ಎತ್ತರದಿಂದ ಕೆಲವು ಮೀಟರುಗಳ ವಸ್ತುವನ್ನು ಬೇರ್ಪಡಿಸಿ ನೋಡಬೇಕಾದರೆ, ವಾಸ್ತವವಾಗಿ ಕಿಲೋಮೀಟರುಗಟ್ಟಲೆ ಉದ್ದದ ಅಂಟೆನಾ ಬೇಕಾಗುವುದು. ರಿಸ್ಯಾಟ್-೧ರ ಅಂಟೆನಾ ೬ ಮೀಟರ್ ಉದ್ದ, ೨ ಮೀಟರ್ ಅಗಲ ಮಾತ್ರವೇ ಇದ್ದಿತು. ಈ ಕೊರತೆಯನ್ನು ನೀಗುವ ಉಪಾಯವನ್ನು ೧೯೫೧ರಲ್ಲಿ ಅಮೆರಿಕದ ಕಾರ್ಲ್ ವೈಲಿ ಎಂಬುವರು ಕಂಡುಹಿಡಿದರು. ಅಂಟೆನಾ ಚಿಕ್ಕದಾದರೂ ಅದು ಚಲಿಸುತ್ತಾ ಒಂದೇ ಸ್ಥಳದ ಪ್ರತಿಧ್ವನಿಯನ್ನು ಸಾವಿರಾರು ಸಲ ಗ್ರಹಿಸಿ, ಅವೆಲ್ಲವನ್ನೂ ಲೆಕ್ಕದಲ್ಲಿ ಕೂಡಿಸಿದರೆ, ಸಂಚರಿಸಿದ ದೂರದಷ್ಟು ಉದ್ದದ ಅಂಟೆನಾ ಇದ್ದಂತೆಯೇ ಆಗುವುದು. ಇದನ್ನೇ ಸಿಂಥೆಟಿಕ್ ಅಪರ್ಚರ್ ರೇಡಾರ್ ಎನ್ನುತ್ತಾರೆ.

ಹೀಗೆ ಕೂಡಿಸಬೇಕಾದರೆ ಒಂದೊಂದು ಪ್ರತಿಧ್ವನಿಯ ಬಲವನ್ನು ಮಾತ್ರವಲ್ಲದೆ, ಆ ಅಲೆಯು ಏರುತ್ತಿದ್ದಿತೋ ಇಳಿಯುತ್ತಿದ್ದಿತೋ ಎಂಬ ಅದರ ಸ್ಥಿತಿಯನ್ನೂ ಬರೆದಿಡಬೇಕು. ಹೀಗಾಗಿ ಅಂಕಗಳು ರಾಶಿರಾಶಿಯಾಗಿ ಬೆಳೆಯುತ್ತವೆ. ನಿಸಾರ್ ಉಪಗ್ರಹದ ಪ್ರತಿಧ್ವನಿಗಳಿಂದ ಸಿದ್ಧವಾಗುವ ಚಿತ್ರಗಳು ದಿನವೊಂದಕ್ಕೆ ಸುಮಾರು ೮೦ ಟೆರಾಬೈಟ್, ಅಂದರೆ ೮೦ ಲಕ್ಷ ಕೋಟಿ ಬೈಟುಗಳವರೆಗೆ ಆಗುವುವೆಂದು ಅಮೆರಿಕದ ನಾಸಾ ಸಂಸ್ಥೆಯು ತಿಳಿಸಿರುವುದು. ಬೈಟನ್ನು ಅಂಕಗಳ ಸೇರು ಎಂದು ಭಾವಿಸಿದರೆ, ಅದರ ಎಂಟನೆಯ ಒಂದು ಪಾಲು ಬಿಟ್ ಎನಿಸುವುದು.

ಇತ್ತ ಕಳುಹಿಸಲು ದೊರೆಯುವ ಕಾಲವಾದರೋ ಬಹಳ ಸ್ವಲ್ಪ. ಇಂಥ ಉಪಗ್ರಹವು ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುವುದು. ಹೈದರಾಬಾದಿನ ಸಮೀಪದ ಶಾದ್‌ನಗರದಲ್ಲಿರುವಂಥ ನೆಲದ ಕೇಂದ್ರವೊಂದರ ಕಣ್ಣಿಗೆ ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ಹನ್ನೆರಡು ನಿಮಿಷ ಮಾತ್ರ ಬೀಳುವುದು. ಸಂತೆಯ ಬಸ್ಸು ನಿಲ್ಲುವ ಅಷ್ಟು ಹೊತ್ತಿನಲ್ಲಿಯೇ ಮೂಟೆಗಳನ್ನೆಲ್ಲಾ ಇಳಿಸಿಕೊಳ್ಳಬೇಕಾದಂತೆ ಇದು. ೧೯೭೮ರಲ್ಲಿ ಅಮೆರಿಕದವರು ಹಾರಿಸಿದ ಸೀಸ್ಯಾಟ್ ಉಪಗ್ರಹದಲ್ಲಿ ರೇಡಾರಿನ ಅಂಕಗಳನ್ನು ಕೂಡಿಡುವ ಸಾಧನವೇ ಇರಲಿಲ್ಲ. ನೆಲದ ಕೇಂದ್ರವು ಕಣ್ಣೆದುರಿಗಿದ್ದಾಗ ನೋಡಿದ ಸ್ಥಳದ ಚಿತ್ರಗಳು ಮಾತ್ರ ದೊರೆತುವು, ಮಿಕ್ಕವು ದೊರೆಯಲಿಲ್ಲ.

೩. ಮೇಲಿನ ಅಡಕ: ರಾಶಿಗೆ ತಕ್ಕ ಅಳತೆ

ಉಪಗ್ರಹದಲ್ಲಿಯೇ ನಡೆಯುವ ಅಡಕದ ಕ್ರಮವನ್ನು ಕಣದ ಉದಾಹರಣೆಯಿಂದ ಸುಲಭವಾಗಿ ತಿಳಿಯಬಹುದು. ಕಣದಲ್ಲಿ ನೂರಾರು ರಾಶಿಗಳಿದ್ದು, ಎಲ್ಲವನ್ನೂ ಪಾವಿನಲ್ಲಿಯೇ ಅಳೆದು ಬರೆಯಬೇಕೆಂದರೆ ದೊಡ್ಡ ರಾಶಿಗಳಿಗೆ ಸಾವಿರಗಟ್ಟಲೆ ಅಂಕ ಬೇಕಾಗುವುದು. ಕಾಗದವೂ ಹೊತ್ತೂ ವ್ಯರ್ಥವಾಗುವುವು. ಎಲ್ಲವನ್ನೂ ಕೊಳಗದಲ್ಲಿಯೇ ಅಳೆಯಬೇಕೆಂದರೆ ಚಿಕ್ಕ ರಾಶಿಗಳು ಸೊನ್ನೆಯಾಗಿ ಹೋಗುವುವು. ಬುದ್ಧಿವಂತನಾದವನು ರಾಶಿಗಳನ್ನು ಗುಂಪುಗುಂಪಾಗಿ ವಿಂಗಡಿಸಿ, ಒಂದೊಂದು ಗುಂಪಿನ ತಲೆಯಲ್ಲಿ "ಇದು ಕೊಳಗದ ಲೆಕ್ಕ", "ಇದು ಪಾವಿನ ಲೆಕ್ಕ" ಎಂದು ಒಂದೇ ಸಲ ಬರೆದು, ಕೆಳಗೆ ಒಂದು, ಎರಡು, ಮೂರು ಎಂಬ ಸಣ್ಣ ಅಂಕಗಳನ್ನು ಮಾತ್ರ ಬರೆಯುವನು. ಉಪಗ್ರಹವು ಮಾಡುವುದೂ ಇದನ್ನೇ. ಪ್ರತಿಧ್ವನಿಗಳನ್ನು ತಂಡತಂಡವಾಗಿ ವಿಂಗಡಿಸಿ, ಆ ತಂಡದ ಬಲಕ್ಕೆ ತಕ್ಕ ಅಳತೆಯನ್ನು ತಂಡಕ್ಕೆ ಒಂದರಂತೆ ಗೊತ್ತುಮಾಡಿ, ಒಂದೊಂದು ಪ್ರತಿಧ್ವನಿಯನ್ನೂ ಕೆಲವೇ ಬಿಟ್ಟುಗಳಲ್ಲಿ ಬರೆಯುವುದು. ಎಂಟು ಬಿಟ್ಟುಗಳಲ್ಲಿ ೨೫೬ ಮೆಟ್ಟಲುಗಳಿದ್ದರೆ, ನಾಲ್ಕು ಬಿಟ್ಟುಗಳಲ್ಲಿ ೧೬, ಮೂರರಲ್ಲಿ ೮, ಎರಡರಲ್ಲಿ ೪ ಮೆಟ್ಟಲುಗಳು ಮಾತ್ರ ಇರುವುವು.

ಈ ಕ್ರಮವು ಮೊದಲು ಹೆಸರಾದುದು ಶುಕ್ರಗ್ರಹದ ಕೆಲಸದಲ್ಲಿ. ಆ ಗ್ರಹವು ಸದಾ ದಟ್ಟವಾದ ಮೋಡಗಳಿಂದ ಮುಸುಕಿರುವುದರಿಂದ ಅಲ್ಲಿಗೂ ರೇಡಾರೇ ಬೇಕಾಯಿತು. ೧೯೮೯ನೆಯ ಮೇ ತಿಂಗಳಲ್ಲಿ ಹೊರಟು ೧೯೯೦ನೆಯ ಆಗಸ್ಟ್ ತಿಂಗಳಲ್ಲಿ ಶುಕ್ರವನ್ನು ಸೇರಿದ ಮೆಗೆಲ್ಲನ್ ಎಂಬ ನೌಕೆಯು ಸೆಕೆಂಡಿಗೆ ೨,೬೮,೮೦೦ ಬಿಟ್ಟುಗಳನ್ನು ಮಾತ್ರ ಭೂಮಿಗೆ ಕಳುಹಿಸಬಲ್ಲುದಾಗಿದ್ದಿತು. ಎಂಟು ಬಿಟ್ಟುಗಳ ಅಂಕವನ್ನು ಎರಡು ಬಿಟ್ಟುಗಳಿಗೆ ಇಳಿಸಿ, ಅಂದರೆ ಭಾರದ ನಾಲ್ಕನೆಯ ಮೂರು ಪಾಲನ್ನು ಕಳೆದು, ಅದು ಆ ಗ್ರಹದ ನೂರಕ್ಕೆ ೯೮ ಭಾಗದ ಚಿತ್ರವನ್ನು ಒದಗಿಸಿತು.

ಇಷ್ಟು ಒರಟಾಗಿ ಬರೆದರೂ ಚಿತ್ರವು ಕೆಡದಿರುವುದಕ್ಕೆ ಕಾರಣವೇನೆಂದರೆ, ಒಂದು ಸ್ಥಳದ ಅಂಕವು ಒಂದು ಪ್ರತಿಧ್ವನಿಯಿಂದ ಬಂದುದಲ್ಲ; ಸಾವಿರಾರು ಪ್ರತಿಧ್ವನಿಗಳನ್ನು ಕೂಡಿಸಿದುದರಿಂದ ಬಂದುದು. ಒಂದರಲ್ಲಿ ಹೆಚ್ಚಾದುದು ಮತ್ತೊಂದರಲ್ಲಿ ಕಡಿಮೆಯಾಗಿ, ತಪ್ಪುಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸಿಕೊಳ್ಳುವುವು. ಸೆಂಟಿನೆಲ್-೧ರಲ್ಲಿ ಈ ಕ್ರಮವನ್ನು ಇನ್ನೂ ತಿದ್ದಿ, ಪ್ರತಿಧ್ವನಿಯು ಬಲವಾಗಿ ಬರುವ ಕಡೆ ಹೆಚ್ಚು ಬಿಟ್ಟುಗಳನ್ನೂ ಕ್ಷೀಣವಾಗಿ ಬರುವ ಕಡೆ ಕಡಿಮೆ ಬಿಟ್ಟುಗಳನ್ನೂ ಕೊಡುವಂತೆ ಮಾಡಿದ್ದಾರೆ.

ಆದರೆ ಈ ಅಡಕದಲ್ಲಿಯೂ ಒಂದು ದೋಷವುಂಟು. ಬಹಳ ಬಲವಾದ ಪ್ರತಿಧ್ವನಿಯೂ ಬಹಳ ಕ್ಷೀಣವಾದ ಪ್ರತಿಧ್ವನಿಯೂ ಒಂದೇ ತಂಡಕ್ಕೆ ಬಿದ್ದರೆ, ಬಲವಾದುದಕ್ಕೆ ತಕ್ಕ ಅಳತೆಯೇ ನಿಂತು, ಕ್ಷೀಣವಾದುದು ಕೊಳಗದಲ್ಲಿ ಅಳೆದ ಪಾವಿನಂತೆ ಕೆಟ್ಟುಹೋಗುವುದು. ಊರಿಗೆ ಅಂಟಿಕೊಂಡಿರುವ ಕೆರೆಗಳ ವಿಷಯದಲ್ಲಿ ಇದನ್ನು ನೆನಪಿಡಬೇಕು. ತುಮಕೂರು ನಗರದೊಳಗಿರುವ ಅಮಾನಿಕೆರೆ, ಕುಣಿಗಲು ಪಟ್ಟಣದ ಪಕ್ಕದಲ್ಲಿರುವ ದೊಡ್ಡಕೆರೆ ಇಂಥವುಗಳ ಊರ ಕಡೆಯ ಅಂಚು, ಹೊಲಗಳ ನಡುವೆ ಇರುವ ಕೆರೆಯ ಅಂಚಿನಷ್ಟು ಸ್ಪಷ್ಟವಾಗಿ ಬಾರದೆ ಇರಬಹುದು.

೪. ಕೆಳಗಿನ ಅಡಕ: ನಗರದಿಂದ ಹೋಬಳಿಗೆ

ನೆಲಕ್ಕೆ ಬಂದ ಪ್ರತಿಧ್ವನಿಗಳನ್ನು ಚಿತ್ರವಾಗಿ ಸಿದ್ಧಪಡಿಸಿದ ಮೇಲೆ, ಅದು ಕಚೇರಿಯಿಂದ ಹೋಬಳಿಗೂ ಗ್ರಾಮಕ್ಕೂ ತಲುಪಬೇಕು. ಇಲ್ಲಿನ ಹಾದಿಯು ಮೊಬೈಲ್ ಸಂಪರ್ಕ. ಅನೇಕ ಮೊಬೈಲ್ ಯೋಜನೆಗಳಲ್ಲಿ ದಿನದ ಡೇಟಾ ಮುಗಿದ ಮೇಲೆ ದೊರೆಯುವ ವೇಗವು ಸೆಕೆಂಡಿಗೆ ೬೪,೦೦೦ ಬಿಟ್. ಮಳೆಗಾಳಿಯಲ್ಲಿ ವಿದ್ಯುತ್ತು ನಿಂತಾಗಲೂ, ಗುಡ್ಡದ ಮರೆಯ ಗ್ರಾಮಗಳಲ್ಲಿಯೂ ಅಷ್ಟು ವೇಗವೂ ನಿಲ್ಲದೆ ಹೋಗುವುದುಂಟು. ಚಿತ್ರವು ಅತ್ಯಂತ ಅವಶ್ಯಕವಾಗುವ ದಿನಗಳೇ ಹಾದಿಯು ಅತ್ಯಂತ ಇಕ್ಕಟ್ಟಾಗುವ ದಿನಗಳು ಎಂಬುದು ಗಮನಾರ್ಹ.

ಸೆಂಟಿನೆಲ್-೧ರ ಒಂದು ಪೂರ್ಣ ಹಾಳೆಯು ೨೫೦ ಕಿಲೋಮೀಟರ್ ಅಗಲ, ಸುಮಾರು ೧೭೦ ಕಿಲೋಮೀಟರ್ ಉದ್ದವಿರುವುದು. ಗುಂಟೆಗೊಂದು ಮನೆಯಂತೆ ಅದರಲ್ಲಿ ೪೨ ಕೋಟಿಗೂ ಮೀರಿದ ಮನೆಗಳಾಗುವುವು. ಅಲೆಯನ್ನು ನಿಂತ ಬಗೆ, ಮಲಗಿದ ಬಗೆ ಎಂದು ಎರಡು ವಿಧವಾಗಿ ಗ್ರಹಿಸುವುದರಿಂದ ಮನೆಗೆ ಎರಡು ಅಂಕಗಳು. ಅಂಕವೊಂದಕ್ಕೆ ಎರಡು ಬೈಟು. ಒಟ್ಟು ಸುಮಾರು ೧೭೦ ಕೋಟಿ ಬೈಟುಗಳು. ಮೇಲೆ ಹೇಳಿದ ವೇಗದಲ್ಲಿ ಇದು ಬಂದು ಮುಟ್ಟಲು ಎರಡೂವರೆ ದಿನ ಹಿಡಿಯುವುದು. ಆದುದರಿಂದ ಈ ಮುಂದಿನ ಕ್ರಮಗಳನ್ನು ಅನುಸರಿಸುತ್ತಾರೆ.

ಮೊದಲನೆಯದಾಗಿ, ಬೇಕಾದ ತಾಲ್ಲೂಕನ್ನು ಮಾತ್ರ ಕತ್ತರಿಸಿಕೊಳ್ಳುವುದು. ಗುಬ್ಬಿಯ ರೈತನಿಗೆ ಗುಬ್ಬಿಯ ಚಿತ್ರ ಸಾಕು.

ಎರಡನೆಯದಾಗಿ, ಅಲೆಯ ಸ್ಥಿತಿಯ ಅಂಕವನ್ನು ಬಿಟ್ಟು, ಬಲದ ಅಂಕವನ್ನು ಮಾತ್ರ ಇಟ್ಟುಕೊಳ್ಳುವುದು. ನೆಲವು ಕುಸಿದುದನ್ನೋ ಉಬ್ಬಿದುದನ್ನೋ ಅಳೆಯುವವರಿಗೆ ಸ್ಥಿತಿಯ ಅಂಕವು ಪ್ರಾಣಪ್ರಾಯವಾದುದು. ಕೆರೆಯನ್ನೂ ಬೆಳೆಯನ್ನೂ ನೋಡುವವರಿಗೆ ಸಾಮಾನ್ಯವಾಗಿ ಬೇಕಾಗದು.

ಮೂರನೆಯದಾಗಿ, ಅಕ್ಕಪಕ್ಕದ ಮನೆಗಳ ಸರಾಸರಿಯನ್ನು ತೆಗೆಯುವುದು. ರೇಡಾರ್ ಚಿತ್ರದಲ್ಲಿ ಒಂದೇ ಸಮನಾದ ಹೊಲವೂ ರಾಗಿಯನ್ನು ಚೆಲ್ಲಿದಂತೆ ಚುಕ್ಕೆಚುಕ್ಕೆಯಾಗಿ ಕಾಣುವುದು. ಈ ಚುಕ್ಕೆಗಳಿಗೆ ಯಾವ ಕ್ರಮವೂ ಇಲ್ಲ. ಕ್ರಮವಿಲ್ಲದುದನ್ನು ಅಡಕಮಾಡುವುದು ದುಸ್ಸಾಧ್ಯ. ಕಾಗದಪತ್ರಗಳನ್ನು ಚೆನ್ನಾಗಿ ಅಡಕಮಾಡುವ ಸಾಮಾನ್ಯವಾದ ವಿಧಾನಗಳು ಇಲ್ಲಿ ಅಷ್ಟಾಗಿ ಫಲಿಸದಿರುವುದು ಇದರಿಂದಲೇ. ಸರಾಸರಿ ತೆಗೆದರೆ ಚುಕ್ಕೆಗಳು ಶಾಂತವಾಗಿ ಭಾರವೂ ಇಳಿಯುವುದು.

ನಾಲ್ಕನೆಯದಾಗಿ, ಅಂಕಗಳ ಮೆಟ್ಟಲುಗಳನ್ನು ಕಡಿಮೆಮಾಡುವುದು. ಕ್ಷೀಣವಾದ ಬಲಕ್ಕೆ ಹತ್ತಿರ ಹತ್ತಿರದ ಮೆಟ್ಟಲುಗಳನ್ನೂ, ಹೆಚ್ಚಿನ ಬಲಕ್ಕೆ ದೂರ ದೂರದ ಮೆಟ್ಟಲುಗಳನ್ನೂ ಇಟ್ಟರೆ, ಎರಡು ಬೈಟಿನ ಅಂಕವು ಒಂದು ಬೈಟಿನಲ್ಲಿ ಅಡಗುವುದು.

ಐದನೆಯದಾಗಿ, ಸ್ಥೂಲವನ್ನು ಮೊದಲು, ಸೂಕ್ಷ್ಮವನ್ನು ಆಮೇಲೆ ಕಳುಹಿಸುವುದು. ಮೊದಲು ತಾಲ್ಲೂಕಿನ ನಕ್ಷೆ, ಆಮೇಲೆ ಹೋಬಳಿಯದು, ಆಮೇಲೆ ಗ್ರಾಮದ್ದು ಎಂಬ ಹಾಗೆ ಚಿತ್ರವನ್ನು ಅಂತಸ್ತುಗಳಾಗಿ ಬಿಡಿಸುತ್ತಾರೆ. ಇದಕ್ಕೆ ವೇವ್‌ಲೆಟ್ ಕ್ರಮವೆಂದು ಹೆಸರು. ೨೦೦೦ದ ಇಸ್ವಿಯ ಜೆಪೆಗ್-೨೦೦೦ ಎಂಬ ಮಾದರಿಯು ಇದನ್ನೇ ಅನುಸರಿಸಿದುದು. ಇದರ ಗುಣವೇನೆಂದರೆ, ಮಧ್ಯದಲ್ಲಿ ಸಂಪರ್ಕವು ಕಡಿದುಹೋದರೂ ಅಲ್ಲಿಯವರೆಗೆ ಬಂದುದು ವ್ಯರ್ಥವಾಗದು. ಮಬ್ಬಾದರೂ ಪೂರ್ಣವಾದ ಚಿತ್ರವೊಂದು ಕೈಯಲ್ಲಿ ಉಳಿಯುವುದು.

ಆರನೆಯದಾಗಿ, ಹಿಂದಿನ ಚಿತ್ರಕ್ಕೂ ಈಗಿನ ಚಿತ್ರಕ್ಕೂ ಬದಲಾದ ಭಾಗವನ್ನು ಮಾತ್ರ ಕಳುಹಿಸುವುದು. ಹನ್ನೆರಡು ದಿನಗಳಲ್ಲಿ ಊರೂ ಬೆಟ್ಟವೂ ತೋಟವೂ ಬದಲಾಗುವುದಿಲ್ಲ. ಆದರೆ ಮೇಲೆ ಹೇಳಿದ ಚುಕ್ಕೆಗಳು ಸಲಸಲಕ್ಕೂ ಬೇರೆಯಾಗಿ ತೋರಬಹುದಾದುದರಿಂದ, ಅವನ್ನು ಮೊದಲು ಶಾಂತಗೊಳಿಸದಿದ್ದರೆ ಎಲ್ಲವೂ ಬದಲಾದಂತೆಯೇ ಕಂಡು ಈ ಕ್ರಮವು ನಿಷ್ಫಲವಾಗುವುದು.

ಒಂದು ಸಾವಿರ ಚದರ ಕಿಲೋಮೀಟರ್ ವಿಸ್ತೀರ್ಣವುಳ್ಳ ತಾಲ್ಲೂಕನ್ನು, ಅಂದರೆ ಒಂದು ಕೋಟಿ ಮನೆಗಳ ಚಿತ್ರವನ್ನು, ಸೆಕೆಂಡಿಗೆ ೬೪,೦೦೦ ಬಿಟ್ಟಿನ ಸಂಪರ್ಕದಲ್ಲಿ ಕಳುಹಿಸಲು ಹಿಡಿಯುವ ಕಾಲವು ಈ ಕೆಳಗಿನಂತೆ ಆಗುವುದು:

ಎರಡು ಬಗೆಯ ಅಲೆ, ಅಂಕಕ್ಕೆ ೨ ಬೈಟು: ೪ ಕೋಟಿ ಬೈಟು, ೮೩ ನಿಮಿಷ.
ಎರಡು ಬಗೆಯ ಅಲೆ, ಅಂಕಕ್ಕೆ ೧ ಬೈಟು: ೨ ಕೋಟಿ ಬೈಟು; ೪೨ ನಿಮಿಷ.
ಒಂದೇ ಬಗೆಯ ಅಲೆ, ಅಂಕಕ್ಕೆ ೧ ಬೈಟು: ೧ ಕೋಟಿ ಬೈಟು, ೨೧ ನಿಮಿಷ.
ಅದನ್ನೇ ೨೦ ಮೀಟರ್ ಮನೆಗೆ ಸರಾಸರಿ ಮಾಡಿದರೆ: ೨೫ ಲಕ್ಷ ಬೈಟು, ೫ ನಿಮಿಷ.
ನೀರು ಉಂಟು, ನೀರು ಇಲ್ಲ ಎಂಬ ನಕ್ಷೆ, ಗುಂಟೆಗೆ ೧ ಬಿಟ್: ೧೨ ಲಕ್ಷದ ೫೦ ಸಾವಿರ ಬೈಟು, ೨ ನಿಮಿಷ ೩೬ ಸೆಕೆಂಡು.
ಕೆರೆಗಳ ಹೆಸರು, ನೀರಿನ ವಿಸ್ತೀರ್ಣದ ಪಟ್ಟಿ ಮಾತ್ರ: ಕೆಲವು ಸಾವಿರ ಬೈಟು, ಒಂದೆರಡು ಸೆಕೆಂಡಿನೊಳಗೆ.

ಈ ಪಟ್ಟಿಯನ್ನು ನೋಡಿದರೆ ಕೊನೆಯದನ್ನೇ ಆರಿಸಿಕೊಳ್ಳಬೇಕೆಂದು ಯಾರಿಗಾದರೂ ತೋರುವುದು ಸಹಜ. ಒಂದೊಂದು ಮಾತಿಗೂ ಹಣ ತೆರಬೇಕಾಗಿದ್ದ ತಂತಿಯು ೨೦೧೩ನೆಯ ಜುಲೈ ತಿಂಗಳಲ್ಲಿ ಈ ದೇಶದಲ್ಲಿ ನಿಂತುಹೋಯಿತು; ಆದರೆ ತಂತಿಯ ಬುದ್ಧಿಯು, ಅಂದರೆ ಕಡಿಮೆ ಮಾತಿನಲ್ಲಿ ಕೆಲಸವನ್ನು ಮುಗಿಸುವ ಬುದ್ಧಿಯು, ಇಂದಿಗೂ ಬೇಕಾಗಿರುವುದು. ಆದಾಗ್ಯೂ ಮಾತನ್ನು ಕಡಿಮೆಮಾಡಿದಷ್ಟೂ ಅರ್ಥವು ತಪ್ಪುವ ಭಯವು ಹೆಚ್ಚುವುದೆಂಬುದು ತಂತಿಯನ್ನು ಕಂಡವರಿಗೆಲ್ಲಾ ತಿಳಿದ ವಿಷಯ.

೫. ಅಡಕದಲ್ಲಿ ಕಳೆದುಹೋಗುವುದೇನು

ಹಿಂದಿನ ಕಾಲದಲ್ಲಿ ಶಾನುಭೋಗರು ಸರ್ವೆ ನಂಬರುವಾರು ಪಹಣಿಯನ್ನು ಬರೆದು, ಅದರಿಂದ ಗ್ರಾಮದ ಗೋಷ್ವಾರೆಯನ್ನು ತಯಾರಿಸುತ್ತಿದ್ದರು; ಗ್ರಾಮಗಳ ಗೋಷ್ವಾರೆಗಳಿಂದ ತಾಲ್ಲೂಕಿನ ಗೋಷ್ವಾರೆಯಾಗುತ್ತಿದ್ದಿತು. ತಾಲ್ಲೂಕಿನ ಕಾಗದದಲ್ಲಿ ರಾಮಯ್ಯನ ಹೊಲವೂ ಇರುವುದಿಲ್ಲ, ಭೀಮಯ್ಯನ ಹೊಲವೂ ಇರುವುದಿಲ್ಲ. ಮೊತ್ತವು ಮಾತ್ರ ಇರುವುದು. ಅಡಕಮಾಡಿದ ರೇಡಾರ್ ಚಿತ್ರವೂ ಒಂದು ಗೋಷ್ವಾರೆಯೇ. ಅದು ತನ್ನ ಕೆಲಸಕ್ಕೆ ಯೋಗ್ಯವಾದುದು. ಆದರೆ ಗೋಷ್ವಾರೆಯನ್ನು ನೋಡಿ ಪಹಣಿಯನ್ನು ತೀರ್ಮಾನಿಸಕೂಡದು.

ಇದನ್ನು ಲೆಕ್ಕದಿಂದ ತೋರಿಸಬಹುದು. ಸೆಂಟಿನೆಲ್-೧ರ ಚಿತ್ರವನ್ನು ೨೦ ಮೀಟರ್ ಮನೆಗೆ ಸರಾಸರಿ ಮಾಡಿದರೆ ಆಗುವ ನಷ್ಟವು ಅತ್ಯಲ್ಪ. ಏಕೆಂದರೆ ಅದರ ನೋಟದ ಹರಿತವೇ ಸುಮಾರು ಅಷ್ಟು. ಆದರೆ ಸಂಪರ್ಕವು ಬಡವಾಗಿದೆಯೆಂದು ೪೦ ಮೀಟರ್ ಮನೆಗೆ ಇಳಿಸಿದರೆ, ಮನೆಯೊಂದು ೧,೬೦೦ ಚದರ ಮೀಟರ್, ಅಂದರೆ ಸುಮಾರು ೧೬ ಗುಂಟೆಯಾಗುವುದು. ಹತ್ತು ಗುಂಟೆಯ ಗದ್ದೆಯುಳ್ಳವನಿಗೆ ಆ ಚಿತ್ರದಲ್ಲಿ ತನ್ನದೆಂಬ ಒಂದು ಮನೆಯೂ ಇರದು. ಪಕ್ಕದಲ್ಲಿ ತೆಂಗಿನ ತೋಟವಿದ್ದರೆ ಅವನ ಒಣಗಿದ ಗದ್ದೆಯು ತೋಟದ ಬಣ್ಣವನ್ನು ಹೊತ್ತುಕೊಳ್ಳುವುದು. ಪಕ್ಕದಲ್ಲಿ ಕೆರೆಯಿದ್ದರೆ ಕೆರೆಯ ಬಣ್ಣವನ್ನು ಹೊತ್ತುಕೊಳ್ಳುವುದು. ಒಬ್ಬನದು ಹೆಚ್ಚಾಗಿ ಇನ್ನೊಬ್ಬನದು ಕಡಿಮೆಯಾಗುವುದರಿಂದ ತಾಲ್ಲೂಕಿನ ಮೊತ್ತವು ಹೆಚ್ಚುಕಡಿಮೆ ಸರಿಯಾಗಿಯೇ ಬರುವುದು. ತಪ್ಪು ಉಳಿಯುವುದು ಆ ಒಬ್ಬನ ಲೆಕ್ಕದಲ್ಲಿ. ೨೦೧೫-೧೬ನೆಯ ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಹಿಡುವಳಿಯ ಸರಾಸರಿಯೇ ೧.೩೬ ಹೆಕ್ಟೇರು, ಅಂದರೆ ಸುಮಾರು ೩ ಎಕರೆ ೧೪ ಗುಂಟೆ. ಅದೂ ಅನೇಕ ಕಡೆ ಎರಡು ಮೂರು ತುಂಡಾಗಿರುವುದು. ಆದಕಾರಣ ಅತಿಯಾದ ಅಡಕದ ನಷ್ಟವನ್ನು ಹೊರುವವನು ಯಾವಾಗಲೂ ಚಿಕ್ಕ ಹಿಡುವಳಿದಾರನೇ.

ಸಣ್ಣ ನೀರಿನ ಆಸರೆಗಳೂ ಹೀಗೆಯೇ ಮರೆಯಾಗುವುವು. ಕೃಷಿಭಾಗ್ಯ ಯೋಜನೆಯಲ್ಲಿ ತೋಡಿದ ೧೨ ಮೀಟರ್ ಉದ್ದಗಲದ ಕೃಷಿಹೊಂಡವು ಒಂದೂವರೆ ಗುಂಟೆಯನ್ನೂ ಮುಟ್ಟದು. ಅಡಕಮಾಡದ ಚಿತ್ರದಲ್ಲಿಯೇ ಅದು ಕಾಣುವುದು ಸಂದೇಹ, ಅಡಕಮಾಡಿದ ಮೇಲಂತೂ ಇಲ್ಲವೇ ಇಲ್ಲ. ಗೋಕಟ್ಟೆ, ಕಿರುಗಾಲುವೆಗಳ ಗತಿಯೂ ಅದೇ.

"ನೀರು ಉಂಟು, ಇಲ್ಲ" ಎಂಬ ನಕ್ಷೆಯಲ್ಲಿ ಇನ್ನೊಂದು ತೊಡಕುಂಟು. ಕೆರೆಯ ಮೇಲೆ ಗಾಳಿಯು ಬಲವಾಗಿ ಬೀಸಿ ತೆರೆಯೆದ್ದರೆ ನೀರು ಬೆಳ್ಳಗೆ ಕಂಡು ಒಣ ನೆಲವೆಂದು ಎಣಿಸಲ್ಪಡಬಹುದು. ಅಂತರಗಂಗೆ, ಜೊಂಡು ಮುಚ್ಚಿದ ಕೆರೆಯೂ ಹಾಗೆಯೇ. ಇದಕ್ಕೆ ವಿರುದ್ಧವಾಗಿ, ಮಾರ್ಕೋನಹಳ್ಳಿ ಜಲಾಶಯದ ಅಚ್ಚುಕಟ್ಟಿನಂಥ ಕಡೆ ಹೊಸದಾಗಿ ನಾಟಿಮಾಡಿದ ಗದ್ದೆಯು ಕೆರೆಯ ನೀರೆಂದು ಎಣಿಸಲ್ಪಡಬಹುದು. ಇವು ಅಡಕದ ದೋಷಗಳಲ್ಲ, ನೋಟದ ದೋಷಗಳು. ಆದರೆ ಬೂದುಬಣ್ಣದ ಮೆಟ್ಟಲುಗಳಿರುವ ಚಿತ್ರವನ್ನು ಅನುಭವಿಯು ನೋಡಿದರೆ ಸಂಶಯ ಹುಟ್ಟುವುದು. ಎರಡೇ ಬಣ್ಣದ ನಕ್ಷೆಯಲ್ಲಿ ಸಂಶಯಕ್ಕೆ ಎಡೆಯೇ ಇರದು. ಅಡಕವು ತಪ್ಪನ್ನು ಮಾಡದಿದ್ದರೂ ತಪ್ಪಿನ ಗುರುತನ್ನು ಅಳಿಸಿಬಿಡುವುದೆಂಬುದು ಇಲ್ಲಿನ ಮುಖ್ಯವಾದ ಸಂಗತಿ.

೬. ಗ್ರಾಮದ ಮುಖಂಡರೂ ಭೂಮಾಲೀಕರೂ ಗಮನಿಸತಕ್ಕ ಅಂಶಗಳು

(೧) ಯಾವ ಚಿತ್ರವನ್ನಾಗಲಿ ನಕ್ಷೆಯನ್ನಾಗಲಿ ಸಾಕ್ಷ್ಯವಾಗಿ ತೋರಿಸಿದಾಗ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ಚಿತ್ರವನ್ನು ತೆಗೆದ ದಿನ ಯಾವುದು? ಒಂದು ಮನೆಯ ಅಳತೆ ಎಷ್ಟು ಮೀಟರ್? ಅಡಕಮಾಡುವುದಕ್ಕೆ ಮುಂಚಿನ ಮೂಲಚಿತ್ರವು ಎಲ್ಲಿ ಇಡಲ್ಪಟ್ಟಿದೆ? ಮೂಲವು ಭದ್ರವಾಗಿದ್ದರೆ ಅಡಕದಿಂದ ಹಾನಿಯಿಲ್ಲ. ಬೇಕಾದಾಗ ಆ ಒಂದು ಸರ್ವೆ ನಂಬರಿನ ಸುತ್ತಲಿನ ತುಂಡನ್ನು ಮಾತ್ರ ಪೂರ್ಣವಾಗಿ ತರಿಸಬಹುದು. ಅಂಥ ತುಂಡು ಬಹಳ ಹಗುರ.

(೨) ಮನೆಯ ಅಳತೆಯನ್ನು ಗುಂಟೆಗೆ ತಿರುಗಿಸಿಕೊಳ್ಳತಕ್ಕದ್ದು. ೧೦ ಮೀಟರಿಗೆ ೧ ಗುಂಟೆ, ೨೦ ಮೀಟರಿಗೆ ೪, ೩೦ ಮೀಟರಿಗೆ ೯, ೪೦ ಮೀಟರಿಗೆ ೧೬ ಗುಂಟೆ. ಜಮೀನಿನ ತುಂಡಿನಲ್ಲಿ ಇಂಥ ಹತ್ತು ಮನೆಗಳಾದರೂ ಹಿಡಿಸದಿದ್ದರೆ, ಆ ಚಿತ್ರದಿಂದ ಆ ತುಂಡಿನ ಬೆಳೆಯನ್ನು ತೀರ್ಮಾನಿಸಲು ಒಪ್ಪದೆ, ಸ್ಥಳ ತನಿಖೆಯನ್ನು ಕೇಳಿಕೊಳ್ಳುವುದು ಯುಕ್ತ.

(೩) ಕೆರೆಗೊಂದು ಪುಸ್ತಕವನ್ನು ಗ್ರಾಮದಲ್ಲಿ ಇಡತಕ್ಕದ್ದು. ತೂಬಿನ ಬಳಿಯ ನೀರಿನ ಮಟ್ಟ, ಕೋಡಿಯು ಹರಿದ ದಿನ, ಜೊಂಡು ಮುಚ್ಚಿರುವ ಭಾಗ ಇವುಗಳನ್ನು ವಾರಕ್ಕೊಮ್ಮೆ ಬರೆದರೆ ಸಾಕು. ಸೆಂಟಿನೆಲ್-೧, ನಿಸಾರ್ ಇವು ಬೆಳಗಿನ ಅಥವಾ ಸಂಜೆಯ ಆರು ಗಂಟೆಯ ಸುಮಾರಿಗೆ ಹಾದುಹೋಗುವುದರಿಂದ, ಬೆಳಗಿನ ಹೊತ್ತಿನ ಮಟ್ಟವನ್ನೇ ಬರೆಯುವುದು ಒಳ್ಳೆಯದು. ಕಡಬದ ಕೆರೆಯಂಥ ದೊಡ್ಡ ಕೆರೆಯಾಗಲಿ ಊರಮುಂದಿನ ಕಟ್ಟೆಯಾಗಲಿ, ಇಂಥ ಪುಸ್ತಕವಿದ್ದ ಕಡೆ ಚಿತ್ರದ ತಪ್ಪೂ ಒಪ್ಪೂ ಒಡನೆಯೇ ಗೊತ್ತಾಗುವುದು.

(೪) ಹೊಲದ ಫೋಟೋವನ್ನು ವಾಟ್ಸಾಪಿನಲ್ಲಿ ಸಾಮಾನ್ಯವಾದ ಚಿತ್ರವಾಗಿ ಕಳುಹಿಸಿದರೆ ಅದು ದಾರಿಯಲ್ಲಿ ಅಡಕವಾಗುವುದು. ಅದರಲ್ಲಿ ಅಡಗಿದ್ದ ಸ್ಥಳದ ಗುರುತೂ ಕಳೆದುಹೋಗುವುದು. ಸಾಕ್ಷ್ಯಕ್ಕೆ ಬೇಕಾದ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳುಹಿಸತಕ್ಕದ್ದು. ಮೂಲವನ್ನು ಫೋನಿನಲ್ಲಿಯೇ ಅಳಿಸದೆ ಇಟ್ಟಿರತಕ್ಕದ್ದು.

(೫) ತಕರಾರು ಅರ್ಜಿಯನ್ನು ಬರೆಯುವಾಗ ಗ್ರಾಮ, ಸರ್ವೆ ನಂಬರು, ಎಕರೆ ಗುಂಟೆ, ಬೆಳೆ, ಬಿತ್ತಿದ ದಿನ, ನಷ್ಟವಾದ ದಿನ, ಪಕ್ಕದ ಜಮೀನಿನಲ್ಲಿರುವ ಬೆಳೆ ಇವಿಷ್ಟನ್ನು ತಪ್ಪದೆ ಕಾಣಿಸತಕ್ಕದ್ದು. ಪಕ್ಕದ ಬೆಳೆಯನ್ನು ಹೇಳುವುದು ಮುಖ್ಯ. ಯಾರ ಬಣ್ಣವು ಯಾರ ಮೇಲೆ ಬಿದ್ದಿತೆಂಬುದು ಅದರಿಂದಲೇ ತಿಳಿಯುವುದು. ಸರ್ವೆ ನಂಬರು ಗೊತ್ತಿಲ್ಲದವರು ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದವರು ಸಿದ್ಧಪಡಿಸಿರುವ ದಿಶಾಂಕ್ ಎಂಬ ಮೊಬೈಲ್ ಸಾಧನದಲ್ಲಿ ಜಮೀನಿನ ಮೇಲೆಯೇ ನಿಂತು ನೋಡಿಕೊಳ್ಳಬಹುದು.

(೬) ಮೂಲಚಿತ್ರಗಳನ್ನು ತಾವೇ ನೋಡಬೇಕೆಂಬ ವಿದ್ಯಾವಂತ ಯುವಕರು ಗ್ರಾಮದಲ್ಲಿದ್ದರೆ, ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಭೂನಿಧಿ ಎಂಬ ಜಾಲತಾಣದಲ್ಲಿ ಅವನ್ನು ಹುಡುಕಬಹುದು. ಹೆಚ್ಚಿನ ವಿವರಣೆಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ, ಹಿರೇಹಳ್ಳಿ ಮತ್ತು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿಯೂ ವಿಚಾರಿಸತಕ್ಕದ್ದು.

ಮೇಲ್ಕಂಡ ವಿಷಯಗಳಿಂದ ರೇಡಾರ್ ಚಿತ್ರಗಳಲ್ಲಿ ಅವಿಶ್ವಾಸವನ್ನು ಇಡಬೇಕೆಂದು ಅರ್ಥವಲ್ಲ. ಮೋಡ ಮುಸುಕಿದ ಶ್ರಾವಣದಲ್ಲಿ ತಾಲ್ಲೂಕಿನ ಕೆರೆಗಳನ್ನೆಲ್ಲಾ ಒಂದೇ ನೋಟಕ್ಕೆ ತೋರಿಸಬಲ್ಲ ಸಾಧನವು ಇದನ್ನು ಬಿಟ್ಟರೆ ಬೇರೆ ಇಲ್ಲ; ಅಡಕಮಾಡದೆ ಹೋದರೆ ಅದು ಗ್ರಾಮಕ್ಕೆ ಮುಟ್ಟುವಂತೆಯೂ ಇಲ್ಲ. ನೀರಿನ ಹಂಚಿಕೆಗೂ ತಾಲ್ಲೂಕಿನ ಅಂದಾಜಿಗೂ ಹಗುರವಾದ ಚಿತ್ರವು ಸಾಕು. ಒಬ್ಬ ರೈತನ ಹತ್ತು ಗುಂಟೆಯ ಪ್ರಶ್ನೆ ಬಂದಾಗ ಮಾತ್ರ ಮೂಲಚಿತ್ರವನ್ನೂ ಕೆರೆಯ ಪುಸ್ತಕವನ್ನೂ ಸ್ಥಳ ತನಿಖೆಯನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಮುಂಗಾರು ಹುಟ್ಟುವುದಕ್ಕೆ ಮುಂಚೆಯೇ ಗ್ರಾಮದ ಮುಖಂಡರು ಕೆರೆಯ ಪುಸ್ತಕವನ್ನು ಆರಂಭಿಸಿದರೆ, ಆ ವರ್ಷದ ಮೊದಲನೆಯ ಚಿತ್ರದಿಂದಲೇ ಇವನ್ನು ಹೋಲಿಸಿ ನೋಡಲು ಅನುಕೂಲವಾಗುವುದು.